ಸುಗ್ಗಿಯಲ್ಲಿ ತೆವಳುವ ತಂತ್ರಾಂಶ: ಹೈಬರ್ನೇಟ್ ಕ್ವೆರಿಗಳನ್ನು ಚುರುಕಾಗಿಸುವುದು ಹೇಗೆ?

ತೊಗರಿ ಸುಗ್ಗಿಯಲ್ಲಿ ಕಲಬುರಗಿ ಎಪಿಎಂಸಿಗೆ ಚೀಲಗಳು ಬಂದು ಬೀಳತೊಡಗಿದರೆ ಅಡತ್ ಅಂಗಡಿಗಳ ಕಂಪ್ಯೂಟರ್‌ಗಳು ತೆವಳತೊಡಗುತ್ತವೆ. ರೈತರ ಪಟ್ಟಿ ತೆರೆಯಲೆಂದು ಗುಮಾಸ್ತರು ಕಾಯುತ್ತಾರೆ. ಅವರೆದುರು ರೈತರು ನಿಂತಿರುತ್ತಾರೆ. ತಂತ್ರಾಂಶ ಬರೆದವರು ಆಗ ಮೊದಲು ಕೇಳುವುದು ದೊಡ್ಡ ಸರ್ವರ್. ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ. ತಂತ್ರಾಂಶ ಜಾವಾ ಭಾಷೆಯಲ್ಲಿದ್ದು, ಡೇಟಾಬೇಸ್ ಜೊತೆ ಮಾತಾಡಲು ಹೈಬರ್ನೇಟ್ ಎಂಬ ಸಾಧನ ಬಳಸುತ್ತಿದ್ದರೆ, ದತ್ತಾಂಶ ಕೇಳುವ ರೀತಿಯನ್ನು ಮೊದಲು ನೋಡಿ.

1. ಕ್ವೆರಿಗಳನ್ನು, ಅಂದರೆ ಡೇಟಾಬೇಸ್‌ಗೆ ಹೋಗುವ ಪ್ರಶ್ನೆಗಳನ್ನು, ಎಣಿಸಿ. ಹೈಬರ್ನೇಟ್‌ನ 'ಜನರೇಟ್ ಸ್ಟ್ಯಾಟಿಸ್ಟಿಕ್ಸ್' ಆನ್ ಮಾಡಿ ಒಂದೇ ಪುಟ ತೆರೆಯಿರಿ. 200 ರೈತರ ಪಟ್ಟಿಗೆ 201 ಕ್ವೆರಿ ಓಡಿದ್ದರೆ ರೋಗ ಸಿಕ್ಕಿತು: ರೈತರಿಗಾಗಿ ಒಂದು, ಆಮೇಲೆ ಒಬ್ಬೊಬ್ಬರ ತೂಕದ ಚೀಟಿಗಾಗಿ ಒಂದೊಂದು. ಇದೇ 'ಎನ್ ಪ್ಲಸ್ ಒನ್'.

2. ಕೋಷ್ಟಕಗಳ ನಡುವಿನ ಎಲ್ಲ ಸಂಬಂಧಗಳನ್ನೂ 'ಲೇಜಿ' (ಬೇಕೆಂದಾಗ ಮಾತ್ರ ತರುವುದು) ಮಾಡಿ. ಜೆಪಿಎ (ಹೈಬರ್ನೇಟ್ ಅನುಸರಿಸುವ ಜಾವಾ ಮಾನದಂಡ) ನಿಯಮದಂತೆ ಮೆನಿ-ಟು-ಒನ್ ಮತ್ತು ಒನ್-ಟು-ಒನ್ ಸಂಬಂಧಗಳು ತಾವಾಗಿಯೇ 'ಈಗರ್' (ಕೇಳದಿದ್ದರೂ ಕೂಡಲೇ ತರುವುದು) ಆಗಿರುತ್ತವೆ. ಲೇಜಿ ಮಾಡಿದ ಮೇಲೆ ಲೇಜಿ ಇನಿಷಿಯಲೈಜೇಶನ್ ದೋಷ (ಹೈಬರ್ನೇಟ್ ಸೆಷನ್ ಮುಚ್ಚಿದ ಮೇಲೆ ದತ್ತಾಂಶ ಕೇಳಿದರೆ ಬರುವುದು) ಬಂತೆಂದು ಮತ್ತೆ ಈಗರ್‌ಗೆ ಮರಳಬೇಡಿ. 'ಎನೇಬಲ್ ಲೇಜಿ ಲೋಡ್ ನೋ ಟ್ರಾನ್ಸ್' ಎಂಬ ಅಡ್ಡದಾರಿಯಂತೂ ಬೇಡವೇ ಬೇಡ. ಅದು ದೋಷವನ್ನು ಮುಚ್ಚಿ ಎನ್ ಪ್ಲಸ್ ಒನ್ ಅನ್ನು ಮರಳಿ ತರುತ್ತದೆ.

3. ಬೇಕಾದದ್ದನ್ನು ಬೇಕಾದ ಕ್ವೆರಿಯಲ್ಲೇ 'ಜಾಯಿನ್ ಫೆಚ್' (ಸಂಬಂಧಿತ ಸಾಲುಗಳನ್ನೂ ಜೊತೆಗೇ ತರುವ ಆದೇಶ) ಮೂಲಕ ತನ್ನಿ. ಹೆಚ್ಚಿನವರು ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಜಾಯಿನ್‌ಗೆ ಮೊದಲು 'ಲೆಫ್ಟ್' ಬರೆಯಲು ಮರೆಯಬೇಡಿ. ಮರೆತರೆ ಚೀಟಿಯಿಲ್ಲದ ರೈತರು ಪಟ್ಟಿಯಿಂದಲೇ ಮಾಯವಾಗುತ್ತಾರೆ.

ಒಂದು ಕ್ವೆರಿಗೆ ಒಂದೇ ಸಂಗ್ರಹ (ರೈತರೊಬ್ಬರಿಗೆ ಸೇರಿದ ಹಲವು ಸಾಲುಗಳ ಗುಂಪು). ಚೀಟಿ, ಪಾವತಿ ಎರಡನ್ನೂ ಲಿಸ್ಟ್‌ಗಳಾಗಿ ಒಟ್ಟಿಗೆ ಎಳೆದರೆ 'ಮಲ್ಟಿಪಲ್ ಬ್ಯಾಗ್ ಫೆಚ್' ದೋಷ ಬರುತ್ತದೆ. ಲಿಸ್ಟ್ ಬದಲು 'ಸೆಟ್' ಎಂಬ ಬಗೆಯ ಸಂಗ್ರಹ ಬಳಸಿದರೆ ದೋಷ ಹೋಗುತ್ತದೆ, ಹೊರೆ ಹೋಗುವುದಿಲ್ಲ. ರೈತರೊಬ್ಬರ 30 ಚೀಟಿ, 20 ಪಾವತಿ ಸೇರಿ 600 ಸಾಲುಗಳಾಗಿ ಬರುತ್ತವೆ.

ಪುಟ ವಿಂಗಡಣೆ ಇನ್ನೂ ಅಪಾಯಕಾರಿ. ಸಂಗ್ರಹದ ಜಾಯಿನ್ ಫೆಚ್ ಜೊತೆ 'ಪುಟಕ್ಕೆ 20 ರೈತರು' ಎಂದು ಕೇಳಿದರೆ ಹೈಬರ್ನೇಟ್ ಆ ಮಿತಿಯನ್ನು ಡೇಟಾಬೇಸ್‌ಗೆ ಕಳಿಸುವ ಎಸ್‌ಕ್ಯುಎಲ್‌ಗೆ ಹಾಕುವುದೇ ಇಲ್ಲ. ಎಲ್ಲ ಸಾಲುಗಳನ್ನೂ ಮೆಮೊರಿಗೆ ತಂದು ಅಲ್ಲಿ 20 ಆರಿಸುತ್ತದೆ. ಲಾಗ್‌ನಲ್ಲಿ ಒಂದು ಎಚ್ಚರಿಕೆ ಸಾಲು ಬಿಟ್ಟರೆ ಬೇರೆ ಸುಳಿವಿರುವುದಿಲ್ಲ. 'ಫೇಲ್ ಆನ್ ಪೇಜಿನೇಶನ್ ಓವರ್ ಕಲೆಕ್ಷನ್ ಫೆಚ್' ಅನ್ನು 'ಟ್ರೂ' ಮಾಡಿಟ್ಟರೆ ಅಂಥ ಕ್ವೆರಿ ಅಲ್ಲೇ ನಿಲ್ಲುತ್ತದೆ. ನಾನಂತೂ ಇದಿಲ್ಲದೆ ಯೋಜನೆ ಶುರು ಮಾಡಬಾರದು ಎನ್ನುತ್ತೇನೆ. ಪರಿಹಾರ ಎರಡು ಕ್ವೆರಿ: ಮೊದಲನೆಯದರಲ್ಲಿ 20 ರೈತರ ಐಡಿ ಮಾತ್ರ, ಎರಡನೆಯದರಲ್ಲಿ ಆ ಐಡಿಗಳಿಗೆ ಜಾಯಿನ್ ಫೆಚ್. 'ಆರ್ಡರ್ ಬೈ' ಎರಡರಲ್ಲೂ ಇರಲಿ, ಇಲ್ಲದಿದ್ದರೆ ಕ್ರಮ ಕೆಡುತ್ತದೆ.

ಇಷ್ಟು ತಿದ್ದಲು ಸಮಯವಿಲ್ಲವೇ? 'ಡಿಫಾಲ್ಟ್ ಬ್ಯಾಚ್ ಫೆಚ್ ಸೈಜ್' 50 ಎಂದಿಡಿ. ಆಗ 50 ರೈತರ ಚೀಟಿಗಳು ಒಂದೇ ಕ್ವೆರಿಯಲ್ಲಿ ಬರುತ್ತವೆ. 201 ಕ್ವೆರಿಗಳು ಹೆಚ್ಚುಕಡಿಮೆ ಐದಕ್ಕೆ ಇಳಿಯುತ್ತವೆ. ಅಡ್ಡದಾರಿಗಳಲ್ಲಿ ನಾನು ಒಪ್ಪುವುದು ಇದೊಂದನ್ನೇ.

4. ಓದಿ ತೋರಿಸುವ ವರದಿಗಳಿಗೆ ಎಂಟಿಟಿ (ಕೋಷ್ಟಕದ ಇಡೀ ಸಾಲನ್ನು ಹೊತ್ತ ಜಾವಾ ವಸ್ತು) ಬೇಡ, ಬೇಕಾದ ಕಾಲಂಗಳನ್ನಷ್ಟೇ ಹೊತ್ತ ಸರಳ ವಸ್ತು, ಅಂದರೆ ಡಿಟಿಒ ಸಾಕು.

5. ಫಾರಿನ್ ಕೀಗೆ (ಬೇರೆ ಕೋಷ್ಟಕದ ಸಾಲನ್ನು ತೋರುವ ಕಾಲಂಗೆ) ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿ. ಡೇಟಾಬೇಸ್‌ಗಳ ಪೈಕಿ ಮೈಎಸ್‌ಕ್ಯುಎಲ್‌ನ ಇನ್ನೊಡಿಬಿ ತಾನೇ ಹಾಕಿಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ಹಾಕುವುದಿಲ್ಲ. ಒರಾಕಲ್ ಬಳಸುವವರು ಜೆಡಿಬಿಸಿ (ಜಾವಾವನ್ನು ಡೇಟಾಬೇಸ್‌ಗೆ ಜೋಡಿಸುವ ಕೊಂಡಿ) ಫೆಚ್ ಸೈಜ್ ಏರಿಸಲಿ. ಅದರ ಡ್ರೈವರ್ ತಾನಾಗಿ ಒಮ್ಮೆಗೆ 10 ಸಾಲು ಮಾತ್ರ ತರುತ್ತದೆ.

6. ಸೆಕೆಂಡ್ ಲೆವೆಲ್ ಕ್ಯಾಶ್ (ಒಮ್ಮೆ ತಂದದ್ದನ್ನು ಮತ್ತೆ ಬಳಸಲು ಉಳಿಸಿಕೊಳ್ಳುವ ಸೌಲಭ್ಯ) ಕೊನೆಗಿರಲಿ. ಆಳಂದ, ಸೇಡಂ, ಜೇವರ್ಗಿ, ಚಿತ್ತಾಪುರ ಎಂಬ ತಾಲ್ಲೂಕು ಪಟ್ಟಿಗೆ ಅದು ಸರಿ. ಹೊತ್ತುಹೊತ್ತಿಗೆ ಬದಲಾಗುವ ತೊಗರಿ ದರಕ್ಕೆ ಖಂಡಿತ ಬೇಡ.

ಪರೀಕ್ಷೆಯನ್ನು ಹತ್ತು ಸಾಲುಗಳ ಮಾದರಿ ಡೇಟಾಬೇಸ್‌ನಲ್ಲಿ ಮಾಡಬೇಡಿ, ಅಲ್ಲಿ ಎಲ್ಲವೂ ಚುರುಕೇ. ಕಳೆದ ಸುಗ್ಗಿಯಷ್ಟು ದತ್ತಾಂಶ ತುಂಬಿ ಮತ್ತೆ ಎಣಿಸಿ. ಕೆಲಸ ಮುಗಿದ ಮೇಲೆ ಸ್ಟ್ಯಾಟಿಸ್ಟಿಕ್ಸ್ ಆಫ್ ಮಾಡಿ.