ಎಣ್ಣೆ ಕ್ಯಾನಿನಿಂದ ಮಕ್ಕಳ ತೂಕ ಏರಿದ್ದು: ನನ್ನ ಅನುಭವ

ಮೊಟ್ಟೆ ಕೊಡುತ್ತೇವೆ, ಹಾಲು ಕೊಡುತ್ತೇವೆ, ಜಂತುಹುಳದ ಮಾತ್ರೆಯನ್ನೂ ವರ್ಷಕ್ಕೆ 2 ಸಲ ನುಂಗಿಸುತ್ತೇವೆ. ಆದರೂ ಮಳೆಗಾಲ ಬಂತೆಂದರೆ ಕೆಲವು ಮಕ್ಕಳ ತೂಕ ನಿಂತಲ್ಲೇ ನಿಲ್ಲುತ್ತದೆ. ನಿಮ್ಮ ಅಂಗನವಾಡಿಯಲ್ಲೂ ಹೀಗೇ ಅಲ್ವಾ? ನಾನು ಹಳೆಯ ರಿಜಿಸ್ಟರ್‌ಗಳನ್ನು ತೆಗೆದು ಜುಲೈ, ಆಗಸ್ಟ್ ತೂಕದ ಪಕ್ಕದಲ್ಲಿ ಹಾಜರಿ ಇಟ್ಟು ನೋಡಿದೆ. ತೂಕ ಇಳಿದವರಲ್ಲಿ ಹೆಚ್ಚಿನವರು ಅದೇ ತಿಂಗಳು ಭೇದಿಯಾಗಿ ಮನೆಯಲ್ಲಿ ಉಳಿದವರು. ಭೇದಿ ನಿಲ್ಲದೆ ತಿಂದದ್ದು ಮೈಗೆ ಹತ್ತುವುದಿಲ್ಲ. ಹಾಗಾಗಿ ಮಕ್ಕಳ ತಟ್ಟೆಗಿಂತ ಮೊದಲು ಅವರ ಕೈ ಸೋಪು ಹಾಕಿ ತೊಳೆದಿದೆಯೇ ಎಂದು ನೋಡಲು ಶುರು ಮಾಡಿದೆ.

ನಮ್ಮದು ಕೊಪ್ಪಳ ಕಡೆಯ ಬಯಲು ಸೀಮೆ. ನಲ್ಲಿ ನೀರು ಎರಡು ಮೂರು ದಿನಕ್ಕೊಮ್ಮೆ. ಮಕ್ಕಳು 30ರ ಹತ್ತಿರ. ಬಕೆಟ್ ಇಟ್ಟರೆ ಎಲ್ಲರೂ ಅದರಲ್ಲೇ ಕೈ ಅದ್ದುತ್ತಾರೆ. ಸಹಾಯಕಿ ಚೊಂಬಿನಿಂದ ನೀರು ಹಾಕುತ್ತಾ ನಿಂತರೆ ಅತ್ತ ಸಾಂಬಾರು ತಳ ಹಿಡಿಯುತ್ತದೆ. ನಲ್ಲಿ ಇರುವ ಪ್ಲಾಸ್ಟಿಕ್ ಡ್ರಮ್ ತಂದೆ, ಸುಮಾರು 400 ರೂಪಾಯಿ, ನನ್ನ ಕೈಯಿಂದಲೇ. ಮಕ್ಕಳು ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಓಡುತ್ತಿದ್ದರು. ಎರಡು ತಿಂಗಳಲ್ಲಿ ನಲ್ಲಿ ಮುರಿಯಿತು.

ಆಮೇಲೆ ಕಾಲಲ್ಲಿ ತುಳಿಯುವ ಕ್ಯಾನು. ಕಟ್ಟುವುದು ಹೀಗೆ: ಎರಡು ಕಂಬ, ಅಡ್ಡ ಕೋಲಿಗೆ ತೂಗುವ ತೂತು ಮಾಡಿದ 5 ಲೀಟರ್ ಖಾಲಿ ಎಣ್ಣೆ ಕ್ಯಾನು, ಅದಕ್ಕೆ ಹಗ್ಗ, ಹಗ್ಗದ ಕೆಳಗೊಂದು ತುಳಿಯುವ ಕೋಲು. ಕೋಲು ತುಳಿದರೆ ಕ್ಯಾನು ಮುಂದಕ್ಕೆ ವಾಲಿ ನೀರು ಬೀಳುತ್ತದೆ. ಅಂಗನವಾಡಿ ಕಾರ್ಯಕರ್ತೆಯರ ಮೀಟಿಂಗ್‌ನಲ್ಲಿ ಹೇಳಿದರೆ ಎಲ್ಲರೂ ನಕ್ಕು, "ಫೋಟೋಕ್ಕ ಚೊಲೋ ಐತಕ್ಕ, ಎಂಟು ದಿನದಾಗ ಹುಡುಗ್ರು ಕಿತ್ತು ಹಾಕ್ತಾವ" ಅಂದರು.

ಹುಡುಗರು ಕೀಳಲಿಲ್ಲ. ಕಂಬವನ್ನು ಗೆದ್ದಲು ತಿಂದಿತು. ಒಬ್ಬ ಮಗುವಿನ ಅಪ್ಪ ಹಳೆ ಬೋರ್‌ವೆಲ್ ಪೈಪಿನ ತುಂಡು ತಂದು ಹೂತು ಕೊಟ್ಟರು. ಮೊದಲ ಕ್ಯಾನು ಬಿಸಿಲಿಗೆ ಸೀಳಿತು, ಈಗ ಬೇವಿನ ಮರದ ನೆರಳಲ್ಲಿದೆ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಸೋಪು. ಕಾಗೆ ಎತ್ತಿಕೊಂಡು ಹೋಗುತ್ತಿತ್ತು! 10 ರೂಪಾಯಿ ಸೋಪು ವಾರಕ್ಕೆ ಎರಡು ಹೋದರೆ ನಮ್ಮ ಗೌರವಧನದಲ್ಲಿ ಅದೂ ಲೆಕ್ಕವೇ. ಈರುಳ್ಳಿ ಚೀಲದ ಬಲೆ ಕತ್ತರಿಸಿ, ಎರಡು ಪದರ ಮಾಡಿ, ಅದರೊಳಗೆ ಸೋಪು ಹಾಕಿ ಹಗ್ಗಕ್ಕೆ ಬಿಗಿದೆ. ಬಲೆಯ ಮೇಲೆ ಕೈ ಉಜ್ಜಿದರೆ ನೊರೆಯೂ ಚೆನ್ನಾಗಿ ಬರುತ್ತದೆ. ಸಂಜೆ ಬಿಚ್ಚಿ ಒಳಗಿಟ್ಟರೆ ಒಂದು ಸೋಪು ಮೂರು ವಾರ ಬರುತ್ತದೆ.

ಕ್ಯಾನಿನ ತೂತು ಸಣ್ಣದಿರಲಿ. ಸಣ್ಣ ಮೊಳೆ ಕಾಯಿಸಿ ಒಂದೇ ಸಲ ಚುಚ್ಚಬೇಕು. ಒಂದು ಮಗುವಿಗೆ ಒಂದು ಸಣ್ಣ ಲೋಟದಷ್ಟು ನೀರು ಸಾಕು. ಊಟದ ಹೊತ್ತಿಗೆ ಒಂದು ಕ್ಯಾನು, ಹೆಚ್ಚೆಂದರೆ ಒಂದೂವರೆ. ಕಾಲು ತೆಗೆದ ಮೇಲೆ ಕ್ಯಾನು ತಾನಾಗಿ ಹಿಂದಕ್ಕೆ ವಾಲುವಂತೆ ಹಗ್ಗಕ್ಕೆ ಒಂದು ಗಂಟು ಹಾಕಿದ್ದೇನೆ. ಅದನ್ನು ಬರೆದರೆ ತಿಳಿಯುವುದಿಲ್ಲ, ಬಂದು ನೋಡಿ. 20 ಸೆಕೆಂಡು ಕೈ ಉಜ್ಜಲು ಮಕ್ಕಳ ಹೆಸರು ಸೇರಿಸಿ ಒಂದು ಹಾಡು ಕಟ್ಟಿದ್ದೇನೆ. ಅದು ಮಾತ್ರ ನಮ್ಮ ಮಕ್ಕಳದೇ, ಕೊಡುವುದಿಲ್ಲ.

ಕೆಳಗೆ ಕೆಸರಾಗಿ ಸೊಳ್ಳೆ ಶುರುವಾದಾಗ ಜಲ್ಲಿ ಹಾಕಿ, ಕಾಲುವೆ ತೋಡಿ, ಆ ನೀರನ್ನು ನುಗ್ಗೆ ಗಿಡಕ್ಕೆ ಬಿಟ್ಟೆವು. ಗಿಡ ಒಂದೇ ವರ್ಷದಲ್ಲಿ ಸೂರು ಮುಟ್ಟಿತು. ಸೊಪ್ಪನ್ನು ಸಾಂಬಾರಿಗೆ ಹಾಕಿದರೆ ಮಕ್ಕಳು ಒಂದೊಂದೇ ಎಲೆ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದರು. ಬೇಳೆ ಜೊತೆ ಬೇಯಿಸಿ ಕಡೆದ ಮೇಲೆ ತಟ್ಟೆ ಖಾಲಿ.

ಮೊದಲೆಲ್ಲ ಮಳೆಗಾಲದಲ್ಲಿ ಭೇದಿಯೆಂದು ಹತ್ತು ಹನ್ನೆರಡು ಮಕ್ಕಳು ತಪ್ಪಿಸುತ್ತಿದ್ದರು. ಹೋದ ಮಳೆಗಾಲ ಮೂರೋ ನಾಲ್ಕೋ ಅಷ್ಟೇ. ಅವರಿಗೂ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ 14 ದಿನ ಪೂರ್ತಿ ಕೊಡಿಸಿದೆ. ಭೇದಿ ನಿಂತ ಕೂಡಲೇ ತಾಯಂದಿರು ಜಿಂಕ್ ನಿಲ್ಲಿಸಿಬಿಡುತ್ತಾರೆ, ಅದಕ್ಕೆ ನಾನೇ ಮನೆಗೆ ಹೋಗಿ ಎಣಿಸಿ ಬರುತ್ತೇನೆ. ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿಯಲ್ಲಿ ಹಳದಿಯಲ್ಲಿದ್ದ, ಅಂದರೆ ಸಾಧಾರಣ ಅಪೌಷ್ಟಿಕತೆ ಇದ್ದ, ಒಬ್ಬ ಹುಡುಗಿ 12 ಸೆಂಟಿಮೀಟರ್ ಚಿಲ್ಲರೆಯಿಂದ 13ರ ಹತ್ತಿರ ಬಂದಳು. ಅವತ್ತು ನಾನೂ ಸಹಾಯಕಿಯೂ ಮತ್ತೆ ಮತ್ತೆ ಅಳೆದೆವು.

ಪೈಪು ಪುಕ್ಕಟೆ ಬಂದದ್ದು ಬಿಟ್ಟರೆ ಈ ಕ್ಯಾನು ಕಟ್ಟಲು ಒಟ್ಟು ಖರ್ಚು 150 ರೂಪಾಯಿ ದಾಟಿಲ್ಲ. ಅವತ್ತು ಮೀಟಿಂಗ್‌ನಲ್ಲಿ ನಕ್ಕವರಲ್ಲಿ ಇಬ್ಬರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಈಗ ಶೌಚಾಲಯದ ಪಕ್ಕ ಎರಡನೇ ಕ್ಯಾನು ಕಟ್ಟುತ್ತಿದ್ದೇನೆ. ಅಲ್ಲಿ ನೆರಳಿಲ್ಲ, ಹಳೆ ಗೋಣಿಚೀಲ ಹೊದಿಸಿ ನೋಡಬೇಕು.