ಏರ್ ಫಿಲ್ಟರ್ ಬದಲಿಸಿದ ಮೇಲೆ ಪೆಟ್ರೋಲ್ ಲೆಕ್ಕ ಸರಿಪಡಿಸುವುದು ಹೇಗೆ?

ಕಾರಿನ ಜೊತೆ ಬಂದ ಫಿಲ್ಟರ್ ಡಬ್ಬಿ ಕಿತ್ತು ಓಪನ್ ಫಿಲ್ಟರ್ ಕೂರಿಸಿದರೆ ಪಿಕಪ್ ಹೆಚ್ಚಿತು ಅನ್ನಿಸುತ್ತದೆ. ಎಷ್ಟೋ ಸಲ ಹೆಚ್ಚಿರುವುದು ಶಬ್ದ ಮಾತ್ರ. ಬಾನೆಟ್ ಒಳಗಿನ ಬಿಸಿಗಾಳಿ ಎಳೆದುಕೊಂಡು ಶಕ್ತಿ ತಗ್ಗುವುದೂ ಉಂಟು. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೀಳುತ್ತಿದೆಯೇ ಎಂಬುದನ್ನು ಕಾರಿನ ಕಂಪ್ಯೂಟರ್ ಅಂಕಿ ತೋರಿಸುವ ಸ್ಕ್ಯಾನರ್‌ನಲ್ಲೇ ನೋಡಬೇಕು.

ಮೊದಲು ನಿಮ್ಮ ಕಾರಿನಲ್ಲಿರುವುದು ಮ್ಯಾಪ್ ಸೆನ್ಸರೋ ಮ್ಯಾಫ್ ಸೆನ್ಸರೋ ತಿಳಿದುಕೊಳ್ಳಿ. ಮ್ಯಾಪ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡ ಅಳೆಯುತ್ತದೆ. ಟರ್ಬೊ ಇಲ್ಲದ ಇಂಥ ಕಾರಿಗೆ ಬರೀ ಫಿಲ್ಟರ್ ಬದಲಾಯಿತೆಂದು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದುವುದು) ಮಾಡಿಸುವುದು ಬಹುಮಟ್ಟಿಗೆ ದಂಡ. ಮ್ಯಾಫ್ ಇದ್ದರೆ ಕಥೆ ಬೇರೆ. ಅದರ ಬಿಸಿ ತಂತಿ ಹಾದುಹೋಗುವ ಗಾಳಿಯನ್ನು ಅಳೆಯುವಾಗ ಇಸಿಯು (ಎಂಜಿನ್ ಕಂಪ್ಯೂಟರ್) ಹಳೆಯ ಪೈಪಿನ ಅಳತೆಯನ್ನೇ ನಂಬಿರುತ್ತದೆ. ಸೆನ್ಸರ್ ಕೂರುವ ಜಾಗದಲ್ಲಿ ಪೈಪ್ ಅಗಲವಾದರೆ ಗಾಳಿ ಕಡಿಮೆ ಎಂದು ತೋರಿ, ಪೆಟ್ರೋಲೂ ಕಡಿಮೆ ಬೀಳುತ್ತದೆ. ಇದೇ ‘ಲೀನ್’.

ಹಳೆಯ ಫಿಲ್ಟರ್ ಇರುವಾಗಲೇ ಒಮ್ಮೆ ಫ್ಯುಯೆಲ್ ಟ್ರಿಮ್ ಅಳೆದಿಡಿ. ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ತಿದ್ದುತ್ತಿದೆ ಎಂಬ ಅಂಕಿ ಇದು, ಪ್ಲಸ್ ಎಂದರೆ ಹೆಚ್ಚಿಸುತ್ತಿದೆ. ಈ ಹೆಜ್ಜೆಯನ್ನು ಬಿಡಲೇಬೇಡಿ. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿನಲ್ಲಿ ಆಮ್ಲಜನಕ ಇರುವುದರಿಂದ ಫಿಲ್ಟರ್ ಮುಟ್ಟದಿದ್ದರೂ ಅಂಕಿ ಪ್ಲಸ್ ಕಡೆ ವಾಲಬಹುದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲೊಮ್ಮೆ, ಒಂದೇ ವೇಗದಲ್ಲಿ ಓಡುವಾಗೊಮ್ಮೆ ಶಾರ್ಟ್ ಟರ್ಮ್ (ಆ ಕ್ಷಣದ), ಲಾಂಗ್ ಟರ್ಮ್ (ಇಸಿಯು ಕಲಿತಿಟ್ಟ) ಫ್ಯುಯೆಲ್ ಟ್ರಿಮ್ ಕೂಡಿಸಿ ಬರೆದುಕೊಳ್ಳಿ. (ಓಡಿಸುವವರು ಬೇರೆ, ಬರೆಯುವವರು ಬೇರೆ ಇರಲಿ.)

ಹೊಸ ಫಿಲ್ಟರ್ ಹಾಕಿ ಮತ್ತೆ ಅಳೆಯಿರಿ. ವ್ಯತ್ಯಾಸ ಶೇ 5ರೊಳಗಿದ್ದರೆ ಸುಮ್ಮನಿರಿ. ಐಡ್ಲಿಂಗ್‌ನಲ್ಲಿ ಪ್ಲಸ್ ಹೆಚ್ಚಿದ್ದು ಆರ್‌ಪಿಎಂ ಏರಿದಂತೆ ಇಳಿದರೆ, ಸೆನ್ಸರ್ ದಾಟಿದ ಮೇಲೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ. ಕ್ಲ್ಯಾಂಪ್ ಬಿಗಿ ಮಾಡಿ, ಹೋಸ್ ನೋಡಿ. ಎಣ್ಣೆ ಸವರುವ ಕಾಟನ್ ಫಿಲ್ಟರ್ ಆಗಿದ್ದರೆ ಎಣ್ಣೆ ತಂತಿಗೆ ಅಂಟಿರಬಹುದು. ಮ್ಯಾಫ್ ಕ್ಲೀನರ್ ಸ್ಪ್ರೇ ಸಾಕು, ಬಟ್ಟೆಯಿಂದ ಒರೆಸಬೇಡಿ.

ಇದಾದ ಮೇಲೂ ಅಂತರ ಉಳಿದರೆ ಮ್ಯಾಫ್ ಟೇಬಲ್ (ಸೆನ್ಸರ್ ಸಿಗ್ನಲ್‌ಗೆ ಎಷ್ಟು ಗಾಳಿ ಎಂದು ಇಸಿಯು ಒಳಗಿರುವ ಪಟ್ಟಿ) ತಿದ್ದಬೇಕು. ಸೆಕೆಂಡಿಗೆ 20 ಗ್ರಾಂ ಗಾಳಿ ಹೋಗುವಲ್ಲಿ ಮೊದಲಿಗಿಂತ ಶೇ 8 ಪ್ಲಸ್ ಬಂದಿದ್ದರೆ ಟೇಬಲ್‌ನಲ್ಲಿ ಆ ಜಾಗದ ಗಾಳಿಯ ಅಂಕಿಯನ್ನು 1.08ರಿಂದ ಗುಣಿಸುತ್ತಾರೆ. ಅಕ್ಕಪಕ್ಕದ ಅಂಕಿಗಳೂ ಹೊಂದಿಕೊಳ್ಳಬೇಕು, ಇಲ್ಲದಿದ್ದರೆ ಕಾರು ಜಗ್ಗುತ್ತದೆ. ಟ್ರಿಮ್ ರೀಸೆಟ್ ಮಾಡಿ, ಓಡಿಸಿ, ಪುನಃ ನೋಡಿ.

ಅಸಲಿ ಅಪಾಯ ಇರುವುದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ಸಾಮಾನ್ಯ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ತಾನೇ ತಿದ್ದಿಕೊಳ್ಳುತ್ತದೆ. ಫುಲ್ ಥ್ರಾಟಲ್‌ನಲ್ಲಿ ಹಲವು ಕಾರುಗಳು ಆ ತಿದ್ದುಪಡಿ ಬಿಟ್ಟು ಟೇಬಲನ್ನೇ ನಂಬುತ್ತವೆ. ಅಲ್ಲಿ ಲೀನ್ ಆದರೆ ನಾಕಿಂಗ್ (ಸಿಲಿಂಡರ್ ಒಳಗೆ ಇಂಧನ ಹತೋಟಿ ತಪ್ಪಿ ಸಿಡಿಯುವುದು) ಶುರುವಾಗಿ ಪಿಸ್ಟನ್‌ಗೇ ಪೆಟ್ಟು ಬೀಳಬಹುದು. ಇದನ್ನು ರಸ್ತೆಯಲ್ಲಿ ಪರೀಕ್ಷಿಸಬೇಡಿ. ಡೈನೊ (ನಿಂತಲ್ಲೇ ಕಾರು ಓಡಿಸಿ ಅಳೆಯುವ ಯಂತ್ರ) ಇರುವ ಟ್ಯೂನರ್ ಬಳಿ, ಗಾಳಿ-ಪೆಟ್ರೋಲ್ ಪ್ರಮಾಣ ನಿಖರವಾಗಿ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿ, ಲ್ಯಾಂಬ್ಡಾ (1 ಎಂದರೆ ಸರಿಸಮ, ಅದಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು) 0.85ರಿಂದ 0.88ರ ಆಸುಪಾಸಿನಲ್ಲಿದೆಯೇ ಕೇಳಿ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಹಳೆಯ ಲೆಕ್ಕ ಎಥೆನಾಲ್ ಇಲ್ಲದ ಪೆಟ್ರೋಲಿನದು, ಇ20ಗೆ ಅದು ಸುಮಾರು 13.5. ಹಾಗಾಗಿ ಲ್ಯಾಂಬ್ಡಾದಲ್ಲೇ ಮಾತಾಡುವ ಟ್ಯೂನರ್ ಸಿಕ್ಕರೆ ಒಳ್ಳೆಯದು.

ವಾರಂಟಿ ಇರುವ ಕಾರಾದರೆ ಇಸಿಯು ಮುಟ್ಟಿಸುವ ಮೊದಲು ಷರತ್ತು ಓದಿ.