ಚಿತ್ರದ ಪ್ರಕಾರ ಬದಲಾದರೆ ದುಡ್ಡು ಸೋರುವ ಜಾಗವೂ ಬದಲಾಗುತ್ತದೆ

ಹಾರರ್, ಕಾಮಿಡಿ, ಚಾರಿತ್ರಿಕ, ಆ್ಯಕ್ಷನ್, ಹಾಡು-ಕುಣಿತದ ಚಿತ್ರ, ಸಾಕ್ಷ್ಯಚಿತ್ರ, ಒಂದು ಅನಿಮೇಷನ್. ಇಷ್ಟಕ್ಕೂ ನಾನು ಬಳಸಿದ ಬಜೆಟ್ ಶೀಟ್ ಒಂದೇ. ಕಲಾವಿದರು, ಕ್ಯಾಮೆರಾ, ಲೈಟು, ಸೆಟ್ಟು, ಬಟ್ಟೆ, ಮೇಕಪ್, ಸಾರಿಗೆ, ಊಟ-ವಸತಿ, ಎಡಿಟಿಂಗ್, ಸೌಂಡು, ಡಿಐ (ಬಣ್ಣ ತಿದ್ದುವ ಕೆಲಸ), ಗ್ರಾಫಿಕ್ಸ್, ವಿಮೆ, ಮೀಸಲು: ಸಾಲುಗಳು ಅವೇ. ತೂತು ಬೀಳುವ ಸಾಲು ಮಾತ್ರ ಪ್ರತಿ ಸಲ ಬೇರೆ. ಹಾರರ್‌ನಲ್ಲಿ ಮೇಕಪ್, ಕಾಮಿಡಿಯಲ್ಲಿ ಎಡಿಟಿಂಗ್, ಚಾರಿತ್ರಿಕದಲ್ಲಿ ಜೂನಿಯರ್ ಆರ್ಟಿಸ್ಟ್, ಅಂದರೆ ಗುಂಪಿನ ದೃಶ್ಯಕ್ಕೆ ಬರುವ ಕಲಾವಿದರು. ಹೋದ ಚಿತ್ರದಲ್ಲಿ ಎಲ್ಲಿ ಕೈ ಸುಟ್ಟುಕೊಂಡೆವೋ ಈ ಸಲವೂ ಅಲ್ಲೇ ಕಾವಲು ಕೂರುವುದು ನಿರ್ಮಾಪಕರ ಮಾಮೂಲಿ ತಪ್ಪು. ಅಷ್ಟರಲ್ಲಿ ಕಳ್ಳ ಹಿತ್ತಿಲ ಬಾಗಿಲಿಂದ ಬಂದಿರುತ್ತಾನೆ.

ಹಾಗಾಗಿ ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ನಾನು ಬಜೆಟ್ ಬರೆಯುವುದಿಲ್ಲ. ಮೊದಲು ಬ್ರೇಕ್‌ಡೌನ್. ಪುಟವನ್ನು ಎಂಟು ಭಾಗ ಮಾಡಿ, ಒಂದೊಂದು ದೃಶ್ಯ ಎಷ್ಟು ಭಾಗ ಎಂದು ಗುರುತು ಹಾಕುವುದು ಎಲ್ಲ ಕಡೆಯ ರೂಢಿ. ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದೂ ಅಷ್ಟೇ ಹಳೆಯ ಲೆಕ್ಕ. ಮಾತಿನ ಡ್ರಾಮಾಕ್ಕೆ ಇದು ಹೊಂದುತ್ತದೆ, ಮಿಕ್ಕಿದ್ದಕ್ಕೆ ಇದನ್ನೇ ನಂಬಿದರೆ ಕೆಟ್ಟಿರಿ. 'ಎರಡೂ ಕಡೆಯ ಸೈನ್ಯ ಮೇಲೆ ಬೀಳುತ್ತದೆ' ಎಂಬ ಸಾಲು ಪುಟದಲ್ಲಿ ಎಂಟನೇ ಒಂದು ಭಾಗ, ಶೂಟಿಂಗ್‌ನಲ್ಲಿ ಒಂದು ವಾರ. ಅದಕ್ಕೇ ಪುಟದ ಲೆಕ್ಕದ ಪಕ್ಕ ಸೆಟಪ್ ಎಂಬ ಇನ್ನೊಂದು ಕಾಲಂ ಎಳೆಯುತ್ತೇನೆ. ಕ್ಯಾಮೆರಾ ಜಾಗ ಬದಲಿಸಿ ಲೈಟು ಹೊಂದಿಸಿದರೆ ಅದು ಒಂದು ಸೆಟಪ್. 12 ಗಂಟೆಯ ಕಾಲ್‌ಶೀಟ್‌ನಲ್ಲಿ ಊಟಕ್ಕೆ ಒಂದು ಗಂಟೆ, ಮೊದಲ ಶಾಟ್ ಹೊಂದಿಸಲು ಒಂದೂವರೆ ಗಂಟೆ ಹೋದರೆ ಉಳಿಯುವುದು ಒಂಬತ್ತೂವರೆ ಗಂಟೆ. ನನ್ನ ಯೂನಿಟ್‌ಗಳಲ್ಲಿ ಒಳಾಂಗಣದ ಮಾತಿನ ದೃಶ್ಯಕ್ಕೆ ಈ ಅವಧಿಯಲ್ಲಿ 20 ಸೆಟಪ್ ಆಗುತ್ತದೆ, ರಾತ್ರಿಯ ಹೊರಾಂಗಣಕ್ಕೆ 12, ಭಾರೀ ಮೇಕಪ್ ಇದ್ದರೆ 8. ದಿನಗಳ ಲೆಕ್ಕ ಹುಟ್ಟುವುದು ಈ ಮೂರು ಸಂಖ್ಯೆಗಳಿಂದ. ನಿರ್ದೇಶಕರು ಶಾಟ್ ಲಿಸ್ಟ್ ಕೊಡದೆ 'ಸ್ಪಾಟ್‌ನಲ್ಲಿ ನೋಡೋಣ' ಎಂದರೆ, ನಾನೂ ದಿನಗಳ ಸಂಖ್ಯೆಯನ್ನು ಸ್ಪಾಟ್‌ನಲ್ಲೇ ನೋಡಬೇಕಾಗುತ್ತದೆ. ಒಪ್ಪುವುದಿಲ್ಲ.

ಹಾರರ್ ಕಡಿಮೆ ದುಡ್ಡಿನ ಪ್ರಕಾರ ಎಂಬ ಮಾತಿದೆ. ಒಂದು ಮನೆ, ಐದು ಪಾತ್ರ, ಅಷ್ಟೇ ತಾನೇ ಎನ್ನುತ್ತಾರೆ. ದೃಶ್ಯಕ್ಕೊಂದು ಬಣ್ಣದ ಪಟ್ಟಿ ಜೋಡಿಸಿದ ಶೆಡ್ಯೂಲ್ ಬೋರ್ಡ್ ಹರಡಿದಾಗ ಗೊತ್ತಾಗುತ್ತದೆ. ರೂಢಿಯ ಬಣ್ಣಗಳಲ್ಲಿ ಹಗಲಿನ ಒಳಾಂಗಣ ಬಿಳಿ ಪಟ್ಟಿ, ಹಗಲಿನ ಹೊರಾಂಗಣ ಹಳದಿ, ರಾತ್ರಿಯ ಒಳಾಂಗಣ ನೀಲಿ, ರಾತ್ರಿಯ ಹೊರಾಂಗಣ ಹಸಿರು. ಹಾರರ್ ಬೋರ್ಡ್ ಪೂರ್ತಿ ನೀಲಿ-ಹಸಿರು. ನೀಲಿಯದು ಸುಲಭ: ಕಿಟಕಿಗೆ ಹೊರಗಿನಿಂದ ಕಪ್ಪು ಬಟ್ಟೆ ಕಟ್ಟಿ ಹಗಲಲ್ಲೇ ತೆಗೆಯಬಹುದು. ಹಸಿರಿಗೆ ನಿಜವಾದ ಕತ್ತಲೆ ಬೇಕು, ಬೇಸಿಗೆಯಲ್ಲಿ ಕತ್ತಲೆ ಗಿಡ್ಡ. ಮಧ್ಯರಾತ್ರಿ ದಾಟಿದ ಮೇಲೆ ಯೂನಿಟ್‌ನ ವೇಗ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಕಷ್ಟದ ಶಾಟ್‌ಗಳನ್ನು ಊಟಕ್ಕೆ ಮೊದಲೇ ಮುಗಿಸಿ, ಬೆಳಗಿನ ಜಾವಕ್ಕೆ ಒಬ್ಬಂಟಿ ಕ್ಲೋಸಪ್‌ಗಳನ್ನು ಇಡುತ್ತೇನೆ. ರಾತ್ರಿಯಿಂದ ಹಗಲಿಗೆ ಹೊರಳುವಾಗ ಪೂರ್ತಿ ಒಂದು ದಿನ ಖಾಲಿ ಬಿಡಲೇಬೇಕು. ಆ ದಿನದ ವಸತಿ ಖರ್ಚು ಬಜೆಟ್‌ನಲ್ಲಿ ಕಾಣದಿದ್ದರೆ ಶೆಡ್ಯೂಲ್ ಮಾಡಿದವರಿಗೆ ವಾಪಸ್ ಕಳಿಸುತ್ತೇನೆ.

ಮೇಕಪ್ ಸಾಲಿಗೆ ಬರೋಣ. ಮುಖಕ್ಕೆ ಅಂಟಿಸುವ ಸಿಲಿಕೋನ್ ತುಂಡು ಬಿಚ್ಚುವಾಗ ಅಂಚು ಹರಿಯುತ್ತದೆ, ಮರುದಿನಕ್ಕೆ ಬರುವುದಿಲ್ಲ. ನಟ ಹತ್ತು ದಿನ ಆ ಮುಖದಲ್ಲಿದ್ದರೆ ಹತ್ತು ತುಂಡು, ಟೆಸ್ಟ್‌ಗೆ ಒಂದು, ಕೆಟ್ಟರೆ ಇರಲಿ ಎಂದು ಎರಡು. ಅಂಟಿಸಲು ಮೂರೂವರೆ ಗಂಟೆ, ಬಿಚ್ಚಲು ಒಂದು ಗಂಟೆ, ಊಟಕ್ಕೆ ಒಂದು. ನಟನ 12 ಗಂಟೆಯಲ್ಲಿ ಕ್ಯಾಮೆರಾಕ್ಕೆ ಸಿಗುವುದು ಆರೂವರೆ ಮಾತ್ರ. ಹಾಗಾಗಿ ಆ ನಟ ಬೇಕಿಲ್ಲದ ಶಾಟ್‌ಗಳನ್ನು ದಿನದ ಎರಡೂ ತುದಿಗೆ ಜೋಡಿಸಿಕೊಳ್ಳಬೇಕು.

ರಕ್ತದಲ್ಲಿ ಎರಡು ಬಗೆ ತರಿಸುತ್ತೇನೆ. ಸಕ್ಕರೆ ಪಾಕದ್ದು ಬಾಯಿಗೆ ಹೋದರೂ ತೊಂದರೆಯಿಲ್ಲ, ಆದರೆ ಅಂಟು, ನೊಣ, ಹೋಗದ ಕಲೆ. ಡಿಟರ್ಜೆಂಟ್ ಬೆರೆತದ್ದು ಒಗೆದರೆ ಹೋಗುತ್ತದೆ, ಬಾಯಿ-ಕಣ್ಣಿನ ಹತ್ತಿರ ಮಾತ್ರ ತರಬಾರದು. ಚುಚ್ಚುವ ದೃಶ್ಯಕ್ಕೆ ಬಿಳಿ ಶರಟಿನ ಲೆಕ್ಕ ಹೀಗೆ: ನಾಲ್ಕು ಟೇಕ್‌ಗೆ ನಾಲ್ಕು, ಡ್ಯೂಪ್‌ಗೆ ಎರಡು, ಹಿಂದಿನ ದೃಶ್ಯದ ಶುಭ್ರ ಶರಟು ಒಂದು, ಮುಂದಿನ ದೃಶ್ಯಕ್ಕೆ ಕಲೆ ಒಣಗಿದ್ದು ಎರಡು. ಒಟ್ಟು ಒಂಬತ್ತು, ಎಲ್ಲವೂ ಒಂದೇ ಥಾನಿನ ಬಟ್ಟೆಯಿಂದ. ಒಂದು ಕಡಿಮೆಯಾದರೂ ಮೂರನೇ ಟೇಕ್ ಆದ ಮೇಲೆ ನೂರು ಜನ ಶರಟು ಒಣಗುವುದನ್ನು ಕಾಯುತ್ತಾ ಕೂರುತ್ತಾರೆ.

ಕಾಮಿಡಿಯ ಶೂಟಿಂಗ್ ಇದಕ್ಕೆ ಹೋಲಿಸಿದರೆ ಆರಾಮ. ಎರಡು ಕ್ಯಾಮೆರಾ ಎದುರುಬದುರು ಇಟ್ಟು ಇಬ್ಬರನ್ನೂ ಒಟ್ಟಿಗೆ ತೆಗೆಯುತ್ತೇವೆ. ಒಬ್ಬರು ಹೊಸ ಮಾತು ಸೇರಿಸಿದಾಗ ಎದುರಿನವರ ಮೊದಲ ಪ್ರತಿಕ್ರಿಯೆ ಆಗಲೇ ಸಿಗಬೇಕು, ಎರಡನೇ ಸಲ ಆ ನಗು ನಟನೆಯಾಗಿಬಿಟ್ಟಿರುತ್ತದೆ. ಲೈಟು ಎರಡೂ ಕಡೆಗೆ ಹೊಂದಬೇಕಾದ್ದರಿಂದ ಚಿತ್ರ ಸ್ವಲ್ಪ ಸಪ್ಪೆ ಕಾಣುತ್ತದೆ. ಛಾಯಾಗ್ರಾಹಕರ ಗೊಣಗಾಟ ಇಲ್ಲಿ ಖಾಯಂ. ಪ್ರತಿ ಹಾಸ್ಯ ದೃಶ್ಯದ ಕೊನೆಗೆ ಬದಲಿ ಮಾತುಗಳಿಗೆಂದು 15 ನಿಮಿಷ ಇಡುತ್ತೇನೆ.

ಖರ್ಚು ಕಾದಿರುವುದು ಎಡಿಟಿಂಗ್ ಟೇಬಲ್ ಮೇಲೆ. ಡ್ರಾಮಾಕ್ಕೆ ಹಾಕಿದ ವಾರಗಳ ಒಂದೂವರೆ ಪಟ್ಟು ಹಾಕುತ್ತೇನೆ, ಯಾಕೆಂದರೆ ಅಪರಿಚಿತ ಪ್ರೇಕ್ಷಕರನ್ನು ಕೂರಿಸಿ ಕನಿಷ್ಠ ಮೂರು ಸಲ ತೋರಿಸಬೇಕು. ತೆರೆಯ ಕೆಳಗೆ ಪ್ರೇಕ್ಷಕರತ್ತ ಮುಖ ಮಾಡಿದ ಮೈಕ್ ಇಟ್ಟು ಅವರ ಸದ್ದು ರೆಕಾರ್ಡ್ ಮಾಡಿ, ಆ ಟ್ರ್ಯಾಕನ್ನು ಟೈಮ್‌ಲೈನ್‌ನಲ್ಲಿ ಚಿತ್ರದ ಕೆಳಗೇ ಹಾಕಿಬಿಡುತ್ತೇವೆ. ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು, ಯಾವ ನಗುವಿನಡಿ ಮುಂದಿನ ಮಾತು ಮುಚ್ಚಿಹೋಯಿತು, ಎಲ್ಲ ಕಾಣುತ್ತದೆ. ಮುಚ್ಚಿಹೋದ ಕಡೆ ಅರ್ಧ ಸೆಕೆಂಡ್, ಅಂದರೆ 12 ಫ್ರೇಮ್, ಜಾಗ ಕೊಟ್ಟರೆ ಎಷ್ಟೋ ಸಲ ಸಾಕು. ಇದೆಲ್ಲ ಮುಗಿಯುವ ಮೊದಲೇ ಎಡಿಟ್ ಲಾಕ್ ಮಾಡಿ ಆರ್‌ಆರ್‌ಗೆ (ಹಿನ್ನೆಲೆ ಸಂಗೀತಕ್ಕೆ) ಕಳಿಸಿದರೆ, ಆ 12 ಫ್ರೇಮ್ ಸೇರಿಸಲು ಮುಂದಿನ ಸಂಗೀತವನ್ನೆಲ್ಲ ಸರಿಸಬೇಕು.

ಚಾರಿತ್ರಿಕ ಚಿತ್ರದಲ್ಲಿ ಸೆಟ್ಟಿನ ಖರ್ಚಿಗೆ ಎಲ್ಲರೂ ಹೆದರುತ್ತಾರೆ. ಅದು ಮೊದಲೇ ಗೊತ್ತಿರುವ ಖರ್ಚು, ಅಷ್ಟು ಅಪಾಯವಿಲ್ಲ. ಅಪಾಯ ಬೆಳಗಿನ ಸಾಲಿನಲ್ಲಿ ನಿಂತಿರುತ್ತದೆ. 200 ಜೂನಿಯರ್ ಆರ್ಟಿಸ್ಟ್, ಬಟ್ಟೆ ಉಡಿಸಲು 10 ಜನ, ಒಬ್ಬರಿಗೆ 6 ನಿಮಿಷ ಎಂದರೆ ಎರಡು ಗಂಟೆ. ಕೂದಲಿಗೆ ಅಷ್ಟೇ ಜನ ಇದ್ದು ಒಬ್ಬರಿಗೆ 12 ನಿಮಿಷವಾದರೆ ನಾಲ್ಕು ಗಂಟೆ. ಅಂದರೆ ಎಲ್ಲ ಉಟ್ಟು ತೊಟ್ಟು ಸಿದ್ಧರಾದರೂ ವಿಗ್ ಸಾಲು ಮುಗಿಯದೆ ಮೊದಲ ಶಾಟ್ ಮಧ್ಯಾಹ್ನಕ್ಕೆ ಬೀಳುತ್ತದೆ. ನಾನು ಜನರನ್ನು ಕ್ಯಾಮೆರಾದಿಂದ ಇರುವ ದೂರದ ಮೇಲೆ ಮೂರು ಗುಂಪು ಮಾಡುತ್ತೇನೆ. ಮುಂದಿನ 40 ಜನಕ್ಕೆ ಪೂರ್ತಿ ಕೂದಲು, ಪೂರ್ತಿ ಉಡುಪು. ನಡುವಿನ 60 ಜನಕ್ಕೆ ಪೂರ್ತಿ ಉಡುಪು, ಐದೇ ನಿಮಿಷದ ಕೂದಲ ಕೆಲಸ. ಹಿಂದಿನ 100 ಜನಕ್ಕೆ ಕೂದಲ ಕೆಲಸವಿಲ್ಲ, ಬರೀ ತಲೆವಸ್ತ್ರ, ಮೇಲುಹೊದಿಕೆ, ಎರಡು ನಿಮಿಷ. ಆಗ ಕೂದಲು 78 ನಿಮಿಷಕ್ಕೆ, ಉಡುಪು 80 ನಿಮಿಷಕ್ಕೆ ಮುಗಿಯುತ್ತದೆ. ಇದಕ್ಕೆ ಒಂದೇ ಷರತ್ತು: ಕ್ಯಾಮೆರಾ ಎತ್ತ ನೋಡುತ್ತದೆ ಎಂದು ನಿರ್ದೇಶಕರು ಹಿಂದಿನ ಸಂಜೆ ಹೇಳಿರಬೇಕು, ಮರುದಿನ ತಿರುಗಿಸಬಾರದು. ಸಾಲಿನ ಕೊನೆಗೆ ಒಬ್ಬ ಸಹಾಯಕ ನಿಂತು ಪ್ರತಿಯೊಬ್ಬರ ಮಣಿಕಟ್ಟು ನೋಡುತ್ತಾನೆ. ವಾಚು ಬಿಚ್ಚಿಟ್ಟರೂ ಅದರ ಬಿಳಿ ಗುರುತು ಉಳಿದಿರುತ್ತದೆ. ಕನ್ನಡಕ, ಬಣ್ಣ ಹಾಕಿದ ಕೂದಲು, ಝಿಪ್ಪು ಎಲ್ಲ ಅವನ ಪಟ್ಟಿಯಲ್ಲೇ.

ಕರೆಂಟ್ ಕಂಬವನ್ನು ಗ್ರಾಫಿಕ್ಸ್‌ನಲ್ಲಿ ಅಳಿಸೋಣ ಎಂಬ ಮಾತು ಸ್ಥಿರ ಕ್ಯಾಮೆರಾಕ್ಕೆ ಸರಿ. ಕ್ಯಾಮೆರಾ ಓಡುತ್ತಿದ್ದು, ಕಂಬದ ಮುಂದೆ ಹೊಗೆಯೂ ಕೂದಲೂ ಹಾರುತ್ತಿದ್ದರೆ ಅದೇ ಕಂಬ ಬಹಳ ದುಬಾರಿ. ಜಾಗ ನೋಡಲು ಹೋದಾಗಲೇ ಗ್ರಾಫಿಕ್ಸ್ ಮೇಲ್ವಿಚಾರಕರನ್ನು ಕರೆದೊಯ್ದರೆ ಕ್ಯಾಮೆರಾವನ್ನು ನಾಲ್ಕಡಿ ಸರಿಸಿ ಕಂಬವನ್ನು ಮರದ ಹಿಂದೆ ಮರೆಸುತ್ತಾರೆ. ಗ್ರಾಫಿಕ್ಸ್ ಶಾಟ್‌ಗಳ ಸಂಖ್ಯೆ ಸ್ಕ್ರಿಪ್ಟ್‌ನಲ್ಲಿ 80 ಎಂದಿದ್ದರೆ ನಾನು 110ಕ್ಕೆ ದುಡ್ಡು ಇಡುತ್ತೇನೆ. ಎಡಿಟಿಂಗ್‌ನಲ್ಲಿ ಅದು ಇಳಿದದ್ದನ್ನು ಇದುವರೆಗೆ ಕಂಡಿಲ್ಲ.

ಆ್ಯಕ್ಷನ್‌ನಲ್ಲಿ ರಿಹರ್ಸಲ್ ಉಳಿಸಲು ಹೋದವರು ಶೂಟಿಂಗ್‌ನಲ್ಲಿ ಕಕ್ಕುತ್ತಾರೆ. ಸಾಹಸ ನಿರ್ದೇಶಕರ ತಂಡ ಖಾಲಿ ಹಾಲ್‌ನಲ್ಲಿ ಪೂರ್ತಿ ಹೊಡೆದಾಟ ಆಡಿ, ಮೊಬೈಲ್‌ನಲ್ಲಿ ತೆಗೆದು ಎಡಿಟ್ ಮಾಡಿ ತೋರಿಸಬೇಕು. ಅದರಲ್ಲಿ 140 ಶಾಟ್ ಇದ್ದರೆ ನಾಯಕನ ಮುಖ ಎಷ್ಟರಲ್ಲಿ ಕಾಣುತ್ತದೆ ಎಂದು ಎಣಿಸುತ್ತೇನೆ. ಐವತ್ತರಲ್ಲಿ ಎಂದಾದರೆ ಉಳಿದ ತೊಂಬತ್ತು ಡ್ಯೂಪ್ ಜೊತೆ ಎರಡನೇ ಯೂನಿಟ್‌ಗೆ. ರೋಪ್ ಕೆಲಸ ಇರುವ ಬಟ್ಟೆ ಒಂದು ಅಳತೆ ದೊಡ್ಡದಿರಬೇಕು, ಒಳಗೆ ರೋಪ್ ಸಿಕ್ಕಿಸುವ ಪಟ್ಟಿ, ಅಂದರೆ ಹಾರ್ನೆಸ್, ಹೋಗಬೇಕಲ್ಲ. 2021ರ ಅಕ್ಟೋಬರ್‌ನಲ್ಲಿ ನ್ಯೂ ಮೆಕ್ಸಿಕೊದ ಸೆಟ್ಟೊಂದರಲ್ಲಿ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ತೀರಿಕೊಂಡ ಮೇಲೆ ನನ್ನ ಕಾಲ್‌ಶೀಟ್‌ನಲ್ಲಿ ಗುಂಡು ಹಾರುವ ಬಂದೂಕೇ ಇಲ್ಲ. ರಬ್ಬರ್ ಅಥವಾ ಹಾರಿಸಲಾಗದ ಪ್ರತಿಕೃತಿ, ಬೆಂಕಿ ಆಮೇಲೆ ಗ್ರಾಫಿಕ್ಸ್‌ನಲ್ಲಿ. ತೆರೆಯ ಮೇಲೆ ವ್ಯತ್ಯಾಸ ಕಂಡುಹಿಡಿದವರು ಯಾರೂ ಇಲ್ಲ.

ಹಾಡಿನ ಚಿತ್ರದ ಬಗ್ಗೆ ಎರಡೇ ಮಾತು. ಬೇರೆಯವರ ಹಾಡು ಬಳಸುವುದಾದರೆ ರಚನೆಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಎರಡೂ ಶೂಟಿಂಗ್‌ಗೆ ಮೊದಲೇ ಕೈಯಲ್ಲಿರಬೇಕು, ನಟನ ತುಟಿಗೆ ಕೂತ ಸಾಹಿತ್ಯವನ್ನು ಆಮೇಲೆ ಬದಲಿಸಲಾಗದು. ಇನ್ನೊಂದು, ನಿಧಾನಗತಿಯಲ್ಲಿ ಹಾಡುವ ಶಾಟ್ ಬೇಕಾದರೆ ಸೆಕೆಂಡಿಗೆ 48 ಫ್ರೇಮ್‌ನಲ್ಲಿ ತೆಗೆಯುವಾಗ ಹಾಡನ್ನು ದುಪ್ಪಟ್ಟು ವೇಗದಲ್ಲಿ ಕೇಳಿಸಬೇಕು. ಆಗಲೇ 24ಕ್ಕೆ ಇಳಿಸಿದಾಗ ತುಟಿ ಹೊಂದುವುದು. ಆ ದುಪ್ಪಟ್ಟು ವೇಗದ ಟ್ರ್ಯಾಕ್ ಸಿದ್ಧವಿಲ್ಲದೆ ಅರ್ಧ ದಿನ ಹೋಗುವುದುಂಟು.

ಸಾಕ್ಷ್ಯಚಿತ್ರದಲ್ಲಿ ಸೋರುವುದು ಹಾರ್ಡ್‌ಡಿಸ್ಕ್‌ನಲ್ಲಿ. 90 ನಿಮಿಷದ ಚಿತ್ರಕ್ಕೆ 80 ಪಟ್ಟು ತೆಗೆದರೆ 120 ಗಂಟೆ ಫೂಟೇಜ್. ಪ್ರೊರೆಸ್ 422 ಎಚ್‌ಕ್ಯೂ ಎಂಬ ದಪ್ಪ ಫೈಲಿನಲ್ಲಿ ಅಲ್ಟ್ರಾ ಎಚ್‌ಡಿ ಗಂಟೆಗೆ ಸುಮಾರು 318 ಗಿಗಾಬೈಟ್, ಒಟ್ಟು 38 ಟೆರಾಬೈಟ್. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿ ಎಂದರೆ 114. ಹಾಗಾಗಿ ಗಂಟೆಗಟ್ಟಲೆ ಹಿಂಬಾಲಿಸುವ ಚಿತ್ರೀಕರಣಕ್ಕೆ ಸೆಕೆಂಡಿಗೆ 150 ಮೆಗಾಬಿಟ್‌ನ ಎಚ್.265 ಎಂಬ ಅಡಕಿದ ಫೈಲು ಸಾಕು ಎನ್ನುತ್ತೇನೆ, ಒಂದು ಪ್ರತಿ 8 ಟೆರಾಬೈಟ್‌ಗೆ ಇಳಿಯುತ್ತದೆ. ಸಂದರ್ಶನಕ್ಕೆ ಮಾತ್ರ ದಪ್ಪ ಫೈಲು. ಹಳೆಯ ಫೂಟೇಜ್ ಹಕ್ಕನ್ನು ಸೆಕೆಂಡ್ ಲೆಕ್ಕದಲ್ಲಿ ಕೊಡುತ್ತಾರೆ. ಬರೀ ಚಿತ್ರೋತ್ಸವದ ಹಕ್ಕು ಅಗ್ಗವೆಂದು ತೆಗೆದುಕೊಂಡರೂ, ಮುಂದೆ ಎಲ್ಲ ಮಾಧ್ಯಮಕ್ಕೆ ಎಷ್ಟಾಗುತ್ತದೆ ಎಂಬ ದರವನ್ನು ಅದೇ ಪತ್ರದಲ್ಲಿ ಬರೆಸಿಕೊಳ್ಳಬೇಕು. ಚಿತ್ರ ಮಾರಾಟವಾದ ಮೇಲೆ ಕೇಳಿದರೆ ದರ ಅವರದೇ.

ಅನಿಮೇಷನ್‌ನಲ್ಲಿ ಎಡಿಟಿಂಗ್ ಮೊದಲು, ಚಿತ್ರ ಆಮೇಲೆ. 90 ನಿಮಿಷ ಎಂದರೆ 1,29,600 ಫ್ರೇಮ್, ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ 64,800. ಅನಿಮ್ಯಾಟಿಕ್‌ನಲ್ಲಿ (ಕಚ್ಚಾ ರೇಖಾಚಿತ್ರಗಳನ್ನು ಜೋಡಿಸಿದ ಮಾದರಿ ಚಿತ್ರದಲ್ಲಿ) ತೆಗೆದುಹಾಕಿದ ಒಂದು ನಿಮಿಷಕ್ಕೆ ಖರ್ಚೇ ಇಲ್ಲ, ಬಣ್ಣ ಹಚ್ಚಿದ ಮೇಲೆ ತೆಗೆದ ನಿಮಿಷ ತಿಂಗಳುಗಳ ಕೆಲಸ.

ಮೀಸಲು ಎಲ್ಲದಕ್ಕೂ 10 ಶೇಕಡಾ ಇಡುತ್ತೇನೆ, ಆದರೆ ಒಂದೇ ಗಂಟಾಗಿ ಅಲ್ಲ. ಹಾರರ್, ಆ್ಯಕ್ಷನ್, ಚಾರಿತ್ರಿಕಕ್ಕೆ ಅದರ ಮುಕ್ಕಾಲು ಭಾಗ ಶೂಟಿಂಗ್‌ಗೆ, ಕಾಮಿಡಿ-ಸಾಕ್ಷ್ಯಚಿತ್ರಕ್ಕೆ ಮುಕ್ಕಾಲು ಭಾಗ ಎಡಿಟಿಂಗ್ ಶುರುವಾದ ಮೇಲಿಗೆ. ಪೋಸ್ಟ್ ಪ್ರೊಡಕ್ಷನ್ ದುಡ್ಡು ಬೇರೆ ಖಾತೆಯಲ್ಲಿರುತ್ತದೆ, ಶೂಟಿಂಗ್ ಮ್ಯಾನೇಜರ್‌ಗೆ ಅದರ ಚೆಕ್‌ಬುಕ್ ಸಿಗುವುದಿಲ್ಲ. ಸೌಂಡ್ ಮಿಕ್ಸ್ ಕೊನೆಯ ದಿನ ಮಾತು ಬಿಟ್ಟು ಸಂಗೀತ ಮತ್ತು ಸದ್ದುಗಳ ಟ್ರ್ಯಾಕನ್ನು ಪ್ರತ್ಯೇಕ ತೆಗೆಸುತ್ತೇನೆ. ಹಾರರ್, ಆ್ಯಕ್ಷನ್ ಬೇರೆ ಭಾಷೆಗೆ ಡಬ್ ಆಗಿ ಹೋಗುವುದು ಇದರ ಮೇಲೆಯೇ. ಮಾತಿನ ಟ್ರ್ಯಾಕ್ ಜೊತೆಗೇ ಹೊರಟುಹೋದ ಹೆಜ್ಜೆಸದ್ದು, ಬಟ್ಟೆಯ ಸರಸರವನ್ನು ಆ ದಿನವೇ ತುಂಬಿಸಬೇಕು. ಆರು ತಿಂಗಳ ಮೇಲೆ ಮಾಡಿಸಲು ಹೋದರೆ ಮಿಕ್ಸ್‌ನ ಹಳೆಯ ಸೆಷನ್ ಫೈಲು ಹುಡುಕಿ ತೆರೆಯಲಿಕ್ಕೇ ಎರಡು ದಿನದ ಸ್ಟುಡಿಯೊ ಬಾಡಿಗೆ.